ಅರ್ಧ ಬೆನ್ನಿನ ಅಂಗಿ

ತಾರೀಕು ಹದಿನಾಲ್ಕು, ಮಂಗಳವಾರ
ನಿನ್ನ ಕತ್ತರಿ ಮೇಜಿನಿಂದ

ಹೊಲಿಗೆ ಮೇಡಂ ಅವರ ಸನ್ನಿಧಾನಕ್ಕೆ,

ಮೊದಲು ಕ್ಷೇಮ ಸಮಾಚಾರ. ಮನೆ ಇದ್ದಲ್ಲೇ ಇದೆ. ನಾನೂ ಇದ್ದಲ್ಲೇ ಇದ್ದೇನೆ, ಕೊಂಚ ಸವೆದಿದ್ದೇನೆ. ನಿನ್ನ ಹೊಲಿಗೆ ಯಂತ್ರಕ್ಕೆ ವಾರಕ್ಕೊಮ್ಮೆ ಎಣ್ಣೆ ಬಿಡುತ್ತಿದ್ದೇನೆ. ಅದೇ ಧಾರಾಳವನ್ನು ಅಡುಗೆಯಲ್ಲೂ ತೋರಿಸಿ ಡಾಕ್ಟರ ಹತ್ತಿರ ಬೈಸಿಕೊಂಡಿದ್ದೇನೆ.

ನೀನು ನಿನ್ನ ಅಕ್ಕನ ಮನೆಗೆ ಹೋಗಿ ಒಂದೂವರೆ ವರ್ಷವಾಯಿತು. ವಾಪಸು ಬಾ ಎಂದು ಕರೆಯಲು ಈ ಕಾಗದ ಬರೆಯುತ್ತಿಲ್ಲ. ಕರೆಯುವ ಮುಖ ನನಗಿಲ್ಲ. ನಿನ್ನ ಕವಿತೆ ನನಗೆ ಅರ್ಥವಾಯಿತು ಎಂದು ತಿಳಿಸಬೇಕಿತ್ತು, ಅಷ್ಟೆ. ಅರ್ಥವಾದ ಬಗೆಯನ್ನು ಸಾವಧಾನವಾಗಿ ಕೇಳತಕ್ಕದ್ದು.

ಹೋದ ವಾರ ಪತ್ರಿಕೆಯ ಅಂಕಣಕ್ಕೆ ವಿಷಯ ಸಿಗಲಿಲ್ಲ. ಗಂಡಸೊಬ್ಬ ತನ್ನ ಅಂಗಿಯನ್ನು ತಾನೇ ಹೊಲಿದುಕೊಂಡ ಸಾಹಸ ಬರೆದರೆ ನಾಲ್ಕು ಜನ ನಕ್ಕಾರು ಅನ್ನಿಸಿತು. ನನ್ನ ಚಳಿಗಾಲದ ಅಂಗಿಗೆಂದು ನೀನು ತೆಗೆದಿಟ್ಟ ಬೂದುಬಣ್ಣದ ದಪ್ಪ ಬಟ್ಟೆ ಬೀರುವಿನಲ್ಲಿ ಹಾಗೇ ಇತ್ತು. ಅದರ ಮೇಲೆ, ಬಟ್ಟೆಗಿಟ್ಟು ಕತ್ತರಿಸಲು ನೀನು ಸಿದ್ಧಮಾಡಿದ್ದ ಖಾಕಿ ಕಾಗದದ ಅಚ್ಚುಗಳು. ಬೆನ್ನಿನ ಅಚ್ಚನ್ನು ಕೈಗೆತ್ತಿಕೊಂಡೆ. ನೀನು ಕವಿತೆ ಬರೆದದ್ದು ಅದರ ಮೇಲೇ ಅಲ್ಲವೆ?

ನಮ್ಮ ಮದುವೆಗೆ ಇಪ್ಪತ್ತೈದು ತುಂಬಿದ ಬೆಳಿಗ್ಗೆ ನೀನು ಆ ಕಾಗದವನ್ನೂ ಒಂದು ಪೆನ್ಸಿಲನ್ನೂ ನನ್ನ ಮುಂದಿಟ್ಟು ನಿಂತೆ. ನಾಲ್ಕೇ ಸಾಲು:

ನಾನು ಬಾಗಿದಷ್ಟೂ ಹೊಲಿಗೆ ನೇರ
ಬೆರಳು ಸೂಜಿಗೆ, ಕಣ್ಣು ನೂಲಿಗೆ
ಚೆಲುವೆಲ್ಲ ಒಳಮಗ್ಗುಲಿಗೆ ಇಟ್ಟೆ
ನಿನ್ನ ಹೆಗಲಳತೆ ನನಗೆ ಬಾಯಿಪಾಠ

ಒಂದೊಂದು ಸಾಲೂ ಕಾಗದದ ನೇರ ಅಂಚಿನವರೆಗೆ ಬಂದು, ಮುಂದೆ ಹೋಗಲು ಅಪ್ಪಣೆ ಕಾಯುವಂತೆ ನಿಂತಿತ್ತು. ನನಗೆ ಅದೆಲ್ಲ ಕಾಣಲಿಲ್ಲ. ಪೆನ್ಸಿಲ್ ಕೊಟ್ಟದ್ದು ತಿದ್ದುವುದಕ್ಕೆ ಎಂದುಕೊಂಡೆ. ಪತ್ರಿಕೆಗೆ ಬರೆಯುವವನಿಗೆ ಹೆಂಡತಿ ಇನ್ನೇಕೆ ಪೆನ್ಸಿಲ್ ಕೊಟ್ಟಾಳು? ‘ಪ್ರೇಮಗೀತೆಯಲ್ಲಿ ಪ್ರಾಸ ಇಲ್ಲ, ಚಂದ್ರ ಇಲ್ಲ, ಬರೀ ಅಳತೆ ಟೇಪು ಇದೆ’ ಎಂದೆ. ‘ಪೂರ್ತಿ ಓದಿದ್ರಾ?’ ಎಂದೆ ನೀನು. ‘ನಾಲ್ಕು ಸಾಲಿಗೆ ಎಷ್ಟು ಹೊತ್ತು ಬೇಕು?’ ಎಂದೆ ನಾನು.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಬದುಕುತ್ತಿದ್ದೆ. ಮುಂದಿನ ಭಾನುವಾರದ ಅಂಕಣದಲ್ಲಿ ‘ಮನೆಯೊಳಗಿನ ಮಹಾಕವಯಿತ್ರಿ’ ಎಂದು ತಲೆಬರಹ ಕೊಟ್ಟು ನಾಲ್ಕೂ ಸಾಲು ಅಚ್ಚು ಹಾಕಿಸಿದೆ. ಕವಯಿತ್ರಿಗೆ ನೂಲು ಮುಗಿದದ್ದರಿಂದ ಕವಿತೆಯೂ ಮುಗಿಯಿತು ಎಂದು ಕೊನೆಗೊಂದು ಒಗ್ಗರಣೆ. ಊರು ನಕ್ಕಿತು. ನಿನ್ನ ಅಂಗಡಿಯಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದರಂತೆ. ನಿನ್ನ ಹತ್ತಿರ ಗುಂಡಿ ಕಟ್ಟುತ್ತಿದ್ದ ಗುಂಡಿ ಅಣ್ಣ ಮೊನ್ನೆ ಹೇಳಿದ: ‘ಅಮ್ಮಾವ್ರು ಬಾಯಲ್ಲಿ ಗುಂಡುಸೂಜಿ ಕಚ್ಕೊಂಡಿದ್ರು ಸಾರ್. ತೆಗೀಲಿಲ್ಲ. ಹಾಗೇ ಕೇಳ್ಕೊಂಡ್ರು.’ ಆ ವಾರವೇ ನೀನು ಅಕ್ಕನ ಮನೆಗೆ ಹೊರಟೆ.

ಈಗ ಸಾಹಸಕ್ಕೆ ಬರುತ್ತೇನೆ. ಬಟ್ಟೆಯನ್ನು ಮೇಜಿನ ಮೇಲೆ ಚೆನ್ನಾಗಿ ಹರಡಿದೆ. ಅಚ್ಚನ್ನಿಟ್ಟು ನಿನ್ನ ದೊಡ್ಡ ಕತ್ತರಿಯಿಂದ ಕತ್ತರಿಸಿದೆ. ಕೈಗೆ ಬಂದದ್ದು ಅರ್ಧ ಬೆನ್ನು. ಒಂದು ಹೆಗಲಿದೆ, ಇನ್ನೊಂದಿಲ್ಲ. ನಾನು ಇಷ್ಟು ಸಪೂರವಾದೆನೇ ಎಂದು ಕನ್ನಡಿ ನೋಡಿಕೊಂಡೆ. ಕೊನೆಗೆ ಅದನ್ನೂ ಕಾಗದದ ಅಚ್ಚನ್ನೂ ಹೊತ್ತು ಗುಂಡಿ ಅಣ್ಣನ ಹತ್ತಿರ ಹೋದೆ. ಅವನು ಕನ್ನಡಕದ ಮೇಲಿಂದ ನೋಡಿದ.

‘ಬಟ್ಟೆ ಮಡಚ್ಲಿಲ್ವಾ ಸಾರ್?’

‘ಮಡಚಬೇಕಿತ್ತಾ?’

‘ನಾವು ಕಾಗದದ ಮೇಲೆ ಅರ್ಧಾನೇ ಬರ್ಕೊಳ್ಳೋದು. ಈ ನೇರ ಅಂಚನ್ನ ಬಟ್ಟೆ ಮಡಿಕೆಗೆ ಸರಿಯಾಗಿ ಇಡ್ಬೇಕು. ಕತ್ತರಿಸಿ ಬಿಚ್ಚಿದ್ರೆ ಇನ್ನರ್ಧ ತಾನೇ ಬರುತ್ತೆ. ಇಷ್ಟು ವರ್ಷ ಒಂದೇ ಮನೇಲಿದ್ದು ಇದು ಗೊತ್ತಿಲ್ವಾ?’

ಅಚ್ಚಿನ ಮೇಲಿನ ನಾಲ್ಕೂ ಸಾಲನ್ನು ಅಲ್ಲೇ ಇನ್ನೊಮ್ಮೆ ಓದಿದೆ, ನೇರ ಅಂಚಿನವರೆಗೆ.

ನೀನು ಅರ್ಧ ಬರೆದು, ಇನ್ನರ್ಧ ನಾನು ಬರೆಯಲಿ ಎಂದು ಪೆನ್ಸಿಲ್ ಕೊಟ್ಟಿದ್ದೆ. ಇಪ್ಪತ್ತೈದು ವರ್ಷ ನಿನ್ನ ಕಸುಬಿನ ಅನ್ನ ಉಂಡವನಿಗೆ ಅಷ್ಟೂ ತಿಳಿಯದೆ ಹೋದೀತೇ ಎಂದು ನೀನು ನಂಬಿದ್ದೆ. ಚಂದ್ರನಿಲ್ಲ ಎಂದೆನಲ್ಲ, ಬೆನ್ನು ಬಗ್ಗಿಸಿದ್ದೇ ನಿನ್ನ ಪ್ರೀತಿ, ಕಾಣದ ಕಡೆ ಹಾಕಿದ ಹೊಲಿಗೆಯೇ ನಿನ್ನ ಚೆಲುವು. ಅದೇ ಮೇಜಿನ ಮೇಲೆ ಕಾಗದವನ್ನಿಟ್ಟು, ನೇರ ಅಂಚಿಗೆ ಇನ್ನೊಂದು ಹಾಳೆ ಅಂಟಿಸಿ, ಅದೇ ಪೆನ್ಸಿಲಿನಿಂದ ಬರೆದಿದ್ದೇನೆ. ಪ್ರಾಸ ಹುಡುಕಬೇಡ:

ನಾನು ಬಾಗಿದಷ್ಟೂ ಹೊಲಿಗೆ ನೇರ — ಬಾಗಿದ್ದು ನನಗೆ ಕಾಣಲಿಲ್ಲ
ಬೆರಳು ಸೂಜಿಗೆ, ಕಣ್ಣು ನೂಲಿಗೆ —
ಚೆಲುವೆಲ್ಲ ಒಳಮಗ್ಗುಲಿಗೆ ಇಟ್ಟೆ — ಹೊರಗಿಂದ ನೋಡಿ ನಕ್ಕೆ
ನಿನ್ನ ಹೆಗಲಳತೆ ನನಗೆ ಬಾಯಿಪಾಠ — ನಿನ್ನದನ್ನು ನಾನು ಕೇಳಲೇ ಇಲ್ಲ

ಎರಡನೆಯ ಸಾಲಿನ ಮುಂದೆ ಏನೂ ಬರೆಯಲು ಆಗಿಲ್ಲ. ಕಾರಣ ಕೇಳಬೇಡ.

ಉಳಿದ ಬಟ್ಟೆಯಲ್ಲಿ ಇನ್ನೊಂದು ಅರ್ಧ ಬೆನ್ನು ಆಗುತ್ತದಂತೆ. ‘ಆದ್ರೆ ನಟ್ಟನಡುವೆ ಜೋಡಿಸಿದ ಗೆರೆ ಬರುತ್ತೆ ಸಾರ್, ಎದ್ದು ಕಾಣುತ್ತೆ’ ಎಂದ ಗುಂಡಿ ಅಣ್ಣ. ಕಾಣಲಿ ಎಂದೆ.

ಇತಿ,
ತಿದ್ದಲು ಹೋದ ನಿನ್ನ ಮನೆಯವರು

ಮರೆತ ಮಾತು: ಅಂಕಣಕ್ಕೆ ವಿಷಯವಿರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ನೀನು ಹೋದ ತಿಂಗಳೇ ಅಂಕಣ ಬಿಟ್ಟೆ. ಹತ್ತು ದಿನದ ಹಿಂದೆ ನಿನ್ನ ಅಕ್ಕನ ಕಾಗದ ಬಂತು. ನಿನ್ನ ಬಲಗೈ ಸ್ವಾಧೀನ ತಪ್ಪಿದೆ, ಇನ್ನು ಸೂಜಿ ಹಿಡಿಯಲಾಗದು ಎಂದರಂತೆ ಡಾಕ್ಟರು. ‘ಅವರ ಚಳಿ ಅಂಗಿ ಹಾಗೇ ಉಳ್ಕೊಂಡ್ಬಿಡ್ತು’ ಎಂದೆಯಂತೆ ನೀನು. ಅದಕ್ಕೇ ನಾನು ಕತ್ತರಿ ಹಿಡಿದದ್ದು. ಅಂಗಿ ಶುಕ್ರವಾರ ಸಿದ್ಧವಾಗುತ್ತದೆ. ಶನಿವಾರ ಅದನ್ನು ತೊಟ್ಟುಕೊಂಡು ನಿನ್ನ ಅಕ್ಕನ ಮನೆಯ ಬಾಗಿಲಿಗೆ ಬಂದು, ಬೆನ್ನು ತಿರುಗಿಸಿ ನಿಲ್ಲುತ್ತೇನೆ. ಮುಖ ನೋಡಬೇಕೆಂದಿಲ್ಲ. ಹೊಲಿಗೆ ಎಲ್ಲಿ ಸೊಟ್ಟಗಿದೆ ಎಂದಷ್ಟು ಹೇಳು.