ಹೆಣವಿಲ್ಲದ ಹಾಡು

ಜಗಳೂರು
ಶ್ರಾವಣ ಮಂಗಳವಾರ, ೧೨-೮-೨೦೨೫

ಪ್ರೀತಿಯ ತಮ್ಮ ಕೆಂಚೇಶನಿಗೆ,

ನಿನ್ನ ಅಕ್ಕ ಪುಷ್ಪಾ ಅವ್ವನ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿರುವ ಕಾಗದ. ಹೇಗಿದ್ದೀಯಪ್ಪಾ? ಗಂಟಲು ಹೇಗಿದೆ? ಹುಬ್ಬಳ್ಳಿಯ ಗಾಳಿ ಒಗ್ಗಿತೋ ಇಲ್ಲವೋ? ಚಿಕ್ಕವನಿದ್ದಾಗ ಎರಡು ಹನಿ ಮಳೆ ಬಿದ್ದರೂ ನಿನಗೆ ಶೀತ ಹಿಡಿಯುತ್ತಿತ್ತು. ಅವ್ವ ಮೆಣಸು ಜೀರಿಗೆ ಕುದಿಸಿ, ನಿನ್ನ ಮೂಗು ಹಿಡಿದು ಬಾಯಿಗೆ ಸುರಿಯುತ್ತಿದ್ದಳು. ನೀನು ಅರ್ಧ ನುಂಗಿ ಅರ್ಧ ನನ್ನ ಲಂಗದ ಮೇಲೆ ಉಗುಳುತ್ತಿದ್ದೆ. ಈಗ ಸುತ್ತ ಅಷ್ಟೊಂದು ಶಿಷ್ಯರಿದ್ದಾರಂತೆ, ಒಂದು ಲೋಟ ಕಷಾಯ ಕಾಸಿಕೊಡಲಾರರೇ? ಇಲ್ಲಿ ಅಪ್ಪ ಆರಾಮಾಗಿದ್ದಾನೆ. ಮೊಣಕಾಲು ಬಗ್ಗದಿದ್ದರೂ ಕುರಿಗಳ ಹಿಂದೆ ಹೋಗುವುದನ್ನು ಬಿಟ್ಟಿಲ್ಲ. ಮೆಕ್ಕೆಜೋಳ ಈ ಸಲ ಪರವಾಗಿಲ್ಲ. ನಲ್ಲೂರಿನಲ್ಲಿ ನಿನ್ನ ಭಾವ ಲಗೇಜ್ ಆಟೊ ಓಡಿಸಿಕೊಂಡು ತಾನೇ ಅಡುಗೆ ಮಾಡಿಕೊಂಡಿದ್ದಾನೆ. ಅವ್ವನ ಜೊತೆ ಇರೋಣ ಅಂತ ನಾನು ಶ್ರಾವಣಕ್ಕೆ ಮೊದಲೇ ಇಲ್ಲಿಗೆ ಬಂದೆ. ಅವ್ವನ ಸುದ್ದಿಗೇ ಈ ಕಾಗದ.

ಫೋನ್ ಇರುವಾಗ ಕಾಗದ ಯಾಕೆ ಅನ್ನಬೇಡ. ಫೋನ್ ಮಾಡಿದಾಗಲೆಲ್ಲ ಯಾವನೋ ಎತ್ತಿ 'ಗುರುಗಳು ಧ್ಯಾನಕ್ಕ ಕುಂತಾರ್ರೀ' ಅನ್ನುತ್ತಾನೆ. ನಾನು ಅವರ ಅಕ್ಕ ಅಂದರೆ 'ಎಲ್ಲಾರೂ ಹಂಗ ಅಂತಾರ್ರೀ' ಅನ್ನುತ್ತಾನೆ. ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ಮಿಂಚುವ ಅಂಗಿ ತೊಟ್ಟು, ಮದುಮಗಳ ಗೆಳತಿಯರ ಕಡೆ ಕಣ್ಣು ಹೊಡೆದು ಸಿನಿಮಾ ಹಾಡು ಹೇಳುತ್ತಿದ್ದವನಿಗೆ ಇಷ್ಟು ಬೇಗ ಧ್ಯಾನ ಹತ್ತಿತಲ್ಲ, ನಿನ್ನ ಪುಣ್ಯ. ನಾನೇನೂ ಆಡಿಕೊಳ್ಳುತ್ತಿಲ್ಲ. ಕಾವಿ ಶಲ್ಯ ನಿನಗೆ ಚೆನ್ನಾಗಿಯೇ ಒಪ್ಪುತ್ತದೆ. ನಿನ್ನ ಹಾಡಿನ ವಿಡಿಯೋದಲ್ಲಿ ಗುಡ್ಡದ ಮೇಲೆ ಕಣ್ಣು ಮುಚ್ಚಿ ಕೂತಿದ್ದೀಯ, ಹಿಂದೆ ನೀಲಿ ಬೆಳಕಿನ ಶಿವ, ಎದುರಿಗೆ ದೀಪ. ಗಾಳಿ ಬೀಸಿದರೂ ಆ ದೀಪ ಅಲ್ಲಾಡುವುದಿಲ್ಲ. ಕಂಪ್ಯೂಟರಿನಲ್ಲಿ ಮಾಡಿದ್ದಿರಬೇಕು.

ಆ ಹಾಡು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದೇ ನನ್ನ ಸಂಕಟ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ನಲ್ಲೂರಿನಿಂದ ಇಲ್ಲಿಗೆ ಬರುತ್ತಿದ್ದೆ. ಬಸ್ಸಿನಲ್ಲಿ ಡ್ರೈವರ್ ನಿನ್ನ ಹಾಡು ಹಾಕಿದ. ನಿನ್ನದು ಅಂತ ನನಗೆ ಗೊತ್ತಿರಲಿಲ್ಲ. ಮೊದಲು ತಂಬೂರಿ, ಆಮೇಲೆ ಕೊಳಲು, ಆಮೇಲೆ ಮಾತೇ ಇಲ್ಲದ ಒಂದು ಹೆಣ್ಣಿನ ದನಿ ಎಲ್ಲಿಂದಲೋ ಎದ್ದು ಬಂತು. ಮೈ ಜುಮ್ಮೆಂದಿತು ಕೆಂಚೇಶ. ಮಗಳು ಹೋದ ಮೇಲೆ ದೇವರ ಮುಂದೆ ಕೈ ಮುಗಿಯುವುದನ್ನೇ ಬಿಟ್ಟಿದ್ದ ನಾನು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದೆ. ಎದೆಯೊಳಗೆ ಬಿಗಿದುಕೊಂಡಿದ್ದದ್ದು ಸಡಿಲವಾದಂತೆ ಆಯಿತು. ಇಷ್ಟು ದಿನ ನಾನು ಬೈದ ದೇವರು ಪಕ್ಕದ ಸೀಟಿನಲ್ಲೇ ಕೂತಿದ್ದಾನೆ ಅನ್ನಿಸಿತು. ಅಷ್ಟರಲ್ಲಿ ಆ ದನಿ ನಡುವೆ ಉಸಿರು ಎಳೆದುಕೊಂಡಿತು. ಹಾಗೆ ಉಸಿರು ಎಳೆದುಕೊಳ್ಳುವವಳು ಈ ಸೀಮೆಯಲ್ಲಿ ಒಬ್ಬಳೇ, ನಮ್ಮವ್ವ. ಅದು ನನ್ನ ರೂಪಶ್ರೀಯನ್ನು ಪಡಸಾಲೆಯಲ್ಲಿ ಮಲಗಿಸಿದ್ದಾಗ ಅವ್ವ ಹಾಡಿಕೊಂಡು ಅತ್ತ ಅಳು. ದಾವಣಗೆರೆ ಬರುವ ಮೊದಲೇ ಬಸ್ ನಿಲ್ಲಿಸಿ ಅಂತ ಕೂಗಿ, ಇಳಿದು, ರಸ್ತೆಯ ಬದಿಯಲ್ಲಿ ವಾಂತಿ ಮಾಡಿಕೊಂಡೆ. ನಿನ್ನ ಹಾಡಿನಿಂದ ನನಗಾದ ಜ್ಞಾನೋದಯ ಇದು.

ಹೋದ ವರ್ಷ ಬೇಸಿಗೆ ರಜೆಗೆ ಅಂತ ಮಗುವನ್ನು ಇಲ್ಲಿಗೆ ಕರೆತಂದಿದ್ದೆ. ಡೆಂಗ್ಯೂ ಜ್ವರ ಬಂದು ಒಂದೇ ವಾರದಲ್ಲಿ ಎಲ್ಲ ಮುಗಿಯಿತು. ನಿನಗೇನು ಹೇಳುವುದು, ನೀನೂ ಅಲ್ಲೇ ಇದ್ದೆ. ಬಾಗಿಲಿಗೆ ಒರಗಿ ನಿಂತಿದ್ದೆ. ಅಳುತ್ತಲೂ ಇದ್ದೆ, ಸುಳ್ಳು ಹೇಳಲಾರೆ. ಒಂದು ಕೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ, ಇನ್ನೊಂದು ಕೈಯಲ್ಲಿ ಫೋನ್ ಇತ್ತು. ನೆಂಟರಿಗೆ ಸುದ್ದಿ ಮುಟ್ಟಿಸುತ್ತಿದ್ದೀಯ ಅಂದುಕೊಂಡೆ, ನೀನು ಅವ್ವನ ಅಳು ರೆಕಾರ್ಡ್ ಮಾಡುತ್ತಿದ್ದೆ. 'ಜಡೆಗೆ ಟೇಪು ಕಟ್ಟಾಕೆ ಇನ್ಯಾರ ತಲೆ ಹುಡುಕ್ಲೇ ನನ್ನ ರೂಪೀ, ಹೊಸ ಚಪ್ಲಿ ಹಾಕ್ಕಳ್ದೆ ಹೊಂಟೆಯಲ್ಲೇ ರೂಪೀ' ಅಂತ ಅವ್ವ ಹಾಡುತ್ತಿದ್ದಳು. ಹಾಡು ಮಾಡುವಾಗ ನೀನು ಟೇಪನ್ನೂ ಚಪ್ಪಲಿಯನ್ನೂ ಕತ್ತರಿಸಿ ಎಸೆದೆ. ಉಳಿಸಿಕೊಂಡದ್ದು ಬರೀ ಎಳೆತ, ಬರೀ ಉಸಿರು. ಹೆಸರು ಬರುವ ಕಡೆಯೆಲ್ಲ ಗಂಟೆಯ ಸದ್ದು ಕೂರಿಸಿದೆ. ಅದರ ಮೇಲೆ ನಿನ್ನ ದನಿಯಲ್ಲಿ 'ಎಚ್ಚರಾಗು ಒಳಗಿನವನೇ' ಅಂತ ಉಪದೇಶ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಕೊಳಲಿನ ಹಿಂದೆ ಇನ್ನೊಂದು ದನಿ ಸಣ್ಣಗೆ ಕೇಳುತ್ತದೆ, ನಾಯಿ ಊಳಿಟ್ಟ ಹಾಗೆ. ಅದನ್ನು ಅಳಿಸಲು ನಿನಗೆ ಆಗಲಿಲ್ಲವೋ, ಚೆನ್ನಾಗಿದೆ ಅಂತ ಬಿಟ್ಟೆಯೋ ತಿಳಿಯದು. ಅದು ನನ್ನದು.

ಒಂದು ಸಲ ಮಾತ್ರ ನೀನೇ ಫೋನ್ ಎತ್ತಿದೆ. ನಾನು ಬೈದೆ, ನೀನು ಸಮಾಧಾನವಾಗಿ ಕೇಳಿಸಿಕೊಂಡೆ. ಆಮೇಲೆ 'ಅಕ್ಕಾ, ನೋವು ಒಬ್ರತ್ರ ಇದ್ರೆ ಕೊಳೀತೈತೆ, ಎಲ್ಲಾರಿಗೂ ಹಂಚಿದ್ರೆ ಪ್ರಸಾದ ಆಗ್ತೈತೆ. ನಮ್ ರೂಪಿ ಈಗ ಲಕ್ಷಾಂತರ ಜನದ ಎದೆಯೊಳಗೆ ಅದಾಳೆ' ಅಂದೆ. ಎಷ್ಟು ಚೆಂದ ಮಾತಾಡುವುದನ್ನು ಕಲಿತಿದ್ದೀಯ! ಆ ಲಕ್ಷಾಂತರ ಜನರಲ್ಲಿ ಒಬ್ಬರಿಗೂ ಅವಳ ಹೆಸರು ಗೊತ್ತಿಲ್ಲ. ಅದು ಯಾರ ಅಳು ಅಂತ ನಿನ್ನ ಭಾವನಿಗೂ ಗೊತ್ತಾಗಿಲ್ಲ ನೋಡು. ಅವ್ವ ಅಳುವಾಗ ಆತ ಗಂಡಸರ ಜೊತೆ ಗುಂಡಿ ತೋಡುವ ಕಡೆ ಇದ್ದ. ಸಂತೇಬೆನ್ನೂರಿನ ಸಂತೆಯಲ್ಲಿ ಯಾರೋ ಹಾಡು ಕೇಳಿಸಿದರಂತೆ. 'ಮನಸ್ಸಿಗೆ ಭಾಳ ಹಗುರ ಅನ್ನಿಸ್ತು ಕಣೇ, ನಿನ್ನ ತಮ್ಮ ದೊಡ್ಡ ಮನುಷ್ಯ' ಅಂತ ಹೇಳಿ ತನ್ನ ಫೋನಿಗೆ ಅದನ್ನೇ ಕಾಲರ್ ಟ್ಯೂನ್ ಮಾಡಿಕೊಂಡಿದ್ದಾನೆ. ಊಟ ಆಯ್ತಾ ಅಂತ ಕೇಳಲು ಗಂಡನಿಗೆ ಫೋನ್ ಮಾಡಿದರೆ ನನ್ನ ಮಗಳ ಹೆಣದ ಮುಂದೆ ನನ್ನವ್ವ ಅಳುವುದು ಕೇಳುತ್ತದೆ. ಆತನಿಗೆ ಹೇಳುವ ಧೈರ್ಯ ನನಗಿಲ್ಲ. ನೀವೇ ಮಾಡಿ, ನನ್ನ ಫೋನಿನಲ್ಲಿ ಕರೆನ್ಸಿ ಇಲ್ಲ ಅಂತ ಸುಳ್ಳು ಹೇಳಿದ್ದೇನೆ.

ಇನ್ನು ಅವ್ವನ ಮಾತು. ಯಾರ ಮನೆಯಲ್ಲಿ ಸಾವಾದರೂ ಊರವರು ಮೊದಲು ನಮ್ಮ ದುರುಗಕ್ಕನನ್ನು ಕರೆಯಿರಿ ಅಂತ ಅವ್ವನನ್ನೇ ಕರೆಸುವುದು ನಿನಗೆ ಗೊತ್ತೇ ಇದೆ. ಸತ್ತವರ ಊಟ, ಸಿಟ್ಟು, ಆಡಿದ ಮಾತು, ಉಟ್ಟ ಸೀರೆ ಎಲ್ಲ ಸೇರಿಸಿ ಹಾಡಿಕೊಂಡು ಅತ್ತರೆ, ಅಳಲಾಗದೆ ಕಲ್ಲಿನಂತೆ ಕೂತ ಮನೆಯವರಿಗೂ ಅಳು ಬರುತ್ತಿತ್ತು. ನೀನು ಈಗ ಮೈಕ್ ಹಿಡಿದು ಮಾಡುವ ಕೆಲಸವನ್ನು ಅವಳು ನೆಲದ ಮೇಲೆ ಕೂತು ಮಾಡುತ್ತಿದ್ದಳು. ನಿನ್ನ ಹಾಡನ್ನು ಓಣಿಯ ಹುಡುಗಿಯರು ಫೋನಿನಲ್ಲಿ ಕೇಳಿಸಿದಾಗ ಅವಳು ನಿನ್ನನ್ನು ಬೈಯಲಿಲ್ಲ. ಪೂರ್ತಿ ಕೇಳಿ, 'ಹೆಣ ಎಲ್ಲೈತೆ?' ಅಂತ ಮಾತ್ರ ಕೇಳಿದಳು. ಹೆಣ ಮುಂದಿಲ್ಲದೆ ಆ ರಾಗ ಎತ್ತಬಾರದು ಅನ್ನುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ನಾವು ಆಟಕ್ಕೆ ಗುನುಗಿದರೂ ಬಾಯಿಗೆ ಬಡಿಯುತ್ತಿದ್ದಳು, ನಿನಗೂ ಎಷ್ಟೋ ಸಲ ಬಿದ್ದಿದೆ. ಅಷ್ಟು ಹೊಡೆತ ತಿಂದವನು ಮರೆತನಲ್ಲ ಅಂತಲೇ ಅವಳು ಆಮೇಲೆ ನನಗೆ ಹೇಳಿದ್ದು.

ಕಾರಹುಣ್ಣಿಮೆ ಆದ ಮೇಲೆ ಅಜ್ಜಮ್ಮ ತೀರಿಕೊಂಡಳು. ಅವ್ವನ ಜೊತೆ ಭಜನೆಗೆ ಬರುತ್ತಿದ್ದಳಲ್ಲ, ನಿನ್ನನ್ನು ಸೊಂಟದ ಮೇಲೆ ಹೊತ್ತು ಊರೆಲ್ಲ ತಿರುಗಿಸುತ್ತಿದ್ದಳಲ್ಲ, ಅವಳೇ. ಅವ್ವನನ್ನು ಕರೆದರು, ನಾನೂ ಹೋಗಿದ್ದೆ. ಅವ್ವ ಗೆಳತಿಯ ತಲೆಯ ಹತ್ತಿರ ಕೂತು, ಸೆರಗು ಬಾಯಿಗೆ ಇಟ್ಟುಕೊಂಡು, ದನಿ ತೆಗೆದಳು. ಎರಡು ಎಳೆತ ಎಳೆದಿರಲಿಲ್ಲ, ಹಿಂದೆ ನಿಂತಿದ್ದ ಹುಡುಗಿಯೊಬ್ಬಳು 'ಏಯ್, ಇದು ಕೆಂಚೇಶಣ್ಣನ ಹಾಡು ಕಣ್ರೇ' ಅಂದಳು. ಒಂದು ಚಿಕ್ಕ ಕೂಸು ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿತು. ಯಾರೂ ಅದನ್ನು ಗದರಲಿಲ್ಲ. ಫೋನುಗಳು ಮೇಲೆದ್ದವು. ನ್ಯಾಮತಿಯಿಂದ ಬಂದಿದ್ದ ನೆಂಟನೊಬ್ಬ ಹತ್ತಿರ ಬಂದು ಬಗ್ಗಿ, 'ಅಮ್ಮಾರೆ, ಸ್ವಲ್ಪ ಈ ಕಡೆ ತಿರುಗ್ರಿ, ರೆಕಾರ್ಡ್ ಆಗ್ತೈತೆ' ಅಂದ. ಮರ್ಯಾದೆಯಿಂದಲೇ ಹೇಳಿದ, ಪಾಪ. ಅವ್ವ ಬಾಯಿ ಮುಚ್ಚಿದಳು. ಅಜ್ಜಮ್ಮನ ಕೆನ್ನೆ ಒಮ್ಮೆ ಸವರಿ, ಎದ್ದು ಮನೆಗೆ ಬಂದಳು. ಜೀವಮಾನವಿಡೀ ಜೊತೆಗೆ ಹಾಡಿದವಳನ್ನು ಅಳುವವರಿಲ್ಲದೆ ಹೊತ್ತುಕೊಂಡು ಹೋದರು. ಅವಳ ಸೊಸೆ ಇಂದಿಗೂ ಅವ್ವನ ಜೊತೆ ಮಾತಾಡುವುದಿಲ್ಲ. ಮಗ ಹೆಸರು ಮಾಡಿದ ಮೇಲೆ ಮುದುಕಿಗೆ ಸೊಕ್ಕು ಬಂದಿದೆ ಅನ್ನುತ್ತಾಳಂತೆ.

ಆವತ್ತಿನಿಂದ ಅವ್ವನ ಬಾಯಿಂದ ರಾಗವೇ ಬಂದಿಲ್ಲ. ಬೀಸುವಾಗ, ಕಸ ಗುಡಿಸುವಾಗ ಏನಾದರೂ ಗುನುಗುತ್ತಿದ್ದವಳು ಈಗ ಸುಮ್ಮನೆ ಕೆಲಸ ಮುಗಿಸುತ್ತಾಳೆ. ಶ್ರಾವಣ ಶನಿವಾರದ ಭಜನೆಗೆ ಆಂಜನೇಯನ ಗುಡಿಗೆ ಕೈ ಹಿಡಿದು ಕರೆದುಕೊಂಡು ಹೋದೆ. ತಾಳ ತೊಡೆಯ ಮೇಲೆ ಇಟ್ಟುಕೊಂಡು ಗೋಡೆ ನೋಡುತ್ತಾ ಕೂತಿದ್ದಳು. ಡಾಕ್ಟರು ಗಂಟಲಿನಲ್ಲಿ ಏನೂ ಇಲ್ಲ ಅಂದರು. ಮಗಳನ್ನು ಕಳೆದುಕೊಂಡೆ, ಅವ್ವನ ದನಿಯೂ ಹೋದರೆ ನನಗೆ ಇನ್ನೇನೂ ಉಳಿಯುವುದಿಲ್ಲ ಕೆಂಚೇಶ. ಅದನ್ನು ವಾಪಸ್ ತರಲು ಯಾವ ಗುಡಿಗೆ ಬೇಕಾದರೂ ಉರುಳುಸೇವೆ ಮಾಡುತ್ತೇನೆ, ನಿನ್ನ ಕಾಲಿಗೆ ಬೀಳು ಅಂದರೂ ಬೀಳುತ್ತೇನೆ.

ಹೀಗಿರುವಾಗ ಮೊನ್ನೆ ಗಣಪತಿ ಸಮಿತಿಯ ರಂಗಣ್ಣ ತೆಂಗಿನಕಾಯಿ, ಸೀರೆ ಹಿಡಿದುಕೊಂಡು ಬಂದ. ಈ ಸಲದ ಪೆಂಡಾಲಿಗೆ ನಿನ್ನ ಕಾರ್ಯಕ್ರಮವಂತೆ. ಅವ್ವನನ್ನು ಸ್ಟೇಜಿನ ಮೇಲೆ ಕೂರಿಸಿ, ನಿನ್ನ ಪಕ್ಕದಲ್ಲಿ ಆ ಅಳುವನ್ನು ಹಾಡಿಸಬೇಕು ಅಂತ ನೀನೇ ಹೇಳಿ ಕಳಿಸಿದ್ದೀಯಂತೆ. ಬ್ಯಾನರ್ ಆಗಲೇ ಅಚ್ಚಾಗಿದೆ. ಅವ್ವನ ರೇಷನ್ ಕಾರ್ಡಿನ ಫೋಟೊಗೆ ತಲೆಯ ಸುತ್ತ ಪ್ರಭಾವಳಿ ಹಾಕಿದ್ದಾರೆ. 'ನಾದಮಾತೆ ದುರುಗಕ್ಕ' ಅಂತೆ. 'ಜನಕ್ಕೆ ಭಕ್ತಿ ಬರಾಕೆ ಇಂಥಾದ್ದು ಬೇಕ್ರಿ ದುರುಗಕ್ಕಾ' ಅಂತ ರಂಗಣ್ಣ ಕೈ ಮುಗಿದ. ಅವ್ವ ಅವನಿಗೆ ಚಹಾ ಕೊಟ್ಟು, ಸೀರೆಯನ್ನು ಮಡಚಿ ದೇವರ ಗೂಡಿನ ಕೆಳಗೆ ಇಟ್ಟಳು. ಅವಳು ಒಪ್ಪುವುದಿಲ್ಲ ಅಂತ ನಾನು ತಿಳಿದಿದ್ದೇನೆ. ಆದ್ದರಿಂದ ನೀನು ಬರಬೇಡ. ಬರಲೇಬೇಕಾದರೆ ಮೊದಲು ಆ ಹಾಡನ್ನು ತೆಗೆದುಹಾಕು. ಹೋದದ್ದು ಹೋಯಿತು, ಇನ್ನು ಅವಳನ್ನಾದರೂ ಬಿಟ್ಟುಬಿಡು. ನೀನು ಇಲ್ಲದಿದ್ದರೂ ಜನಕ್ಕೆ ಎಚ್ಚರ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ.

ಮೈ ಕಡೆ ಗಮನ ಇರಲಿ. ತಣ್ಣೀರು ಕುಡಿಯಬೇಡ. ಅಪ್ಪ ಕೇಳಿದೆ ಅಂತ ತಿಳಿಸಲು ಹೇಳಿದ. ನಿನಗೆ ಒಳ್ಳೆಯದಾಗಲಿ ಅಂತ ಹರಸಲು ಮನಸ್ಸು ಒಪ್ಪುವುದಿಲ್ಲ. ಆದರೂ ಹಿರಿಯಳು, ಹರಸಿದ್ದೇನೆ.

ನಿನ್ನ ಅಕ್ಕ,
ಪುಷ್ಪಾ

ಮತ್ತೆ: ಕವರಿಗೆ ಅಂಟು ಹಚ್ಚುತ್ತಿದ್ದೆ, ಅವ್ವ ಬಂದು ಎದುರಿಗೆ ಕೂತಳು. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲೆ ಬರಬೇಡ ಅಂತ ಬರೆದದ್ದನ್ನು ಹೊಡೆದುಹಾಕಿಕೋ. 'ಕೆಂಚಂಗೆ ಬರಾಕೆ ಹೇಳು, ಹಾಡ್ತೀನಂತೆ ಅನ್ನು' ಅಂದಳು. ನನಗೆ ಜೀವ ಬಂದ ಹಾಗಾಯಿತು. ಆಮೇಲೆ ಹೇಳಿದಳು: 'ಸ್ಟೇಜ್ ಮ್ಯಾಲೆ ಒಂದು ಚಾಪೆ ಹಾಸಾಕೆ ಹೇಳು. ಅವ್ನು ಅದರ ಮ್ಯಾಲೆ ಮಲಗ್ಲಿ. ಮುಖದ ತುಂಬಾ ಬಿಳೀ ಬಟ್ಟೆ ಹೊಚ್ರಿ. ಹೆಂಗೂ ಹಾಡು ಬೇಕಂತಾನಲ್ಲ, ಹೆಣನೂ ಅವ್ನೇ ಆಗ್ಲಿ.' ನಾನು ಬಾಯಿ ಬಿಡುವ ಮೊದಲೇ ಗೋಡೆಗೆ ಒರಗಿ ದನಿ ತೆಗೆದಳು. ನೀನು ಹುಟ್ಟಿದ ದಿನದ ಬೇನೆಯಿಂದ ಹಿಡಿದು ಹಾಡಿದಳು. ನೀನು ತಿನ್ನುತ್ತಿದ್ದ ಬೆಲ್ಲದ ಅವಲಕ್ಕಿ, ಶಾಲೆ ತಪ್ಪಿಸಿ ಹತ್ತುತ್ತಿದ್ದ ಹುಣಸೆ ಮರ, ಒಂದನ್ನೂ ಬಿಡಲಿಲ್ಲ. ದನಿ ಮೊದಲಿನಂತೆಯೇ ಇದೆ, ಎಲ್ಲೂ ಒಡೆದಿಲ್ಲ. ನಾನೂ ಪಕ್ಕದಲ್ಲಿ ಕೂತು ಎದೆ ತುಂಬಿ ಅತ್ತೆ. ರೂಪಿ ಹೋದ ಮೇಲೆ ಇಷ್ಟು ಚೆನ್ನಾಗಿ ಅತ್ತಿರಲಿಲ್ಲ. ಪಕ್ಕದ ಮನೆಯ ಅಂಜಿನಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದು, ಯಾರು ಹೋದ್ರು ಅಂತ ಕೇಳಿದಳು. ಅವ್ವ ಹಾಡು ನಿಲ್ಲಿಸಲಿಲ್ಲ. ನಿನ್ನ ಹೆಸರನ್ನು ನಾನೇ ಹೇಳಿದೆ.