ಮೆಟ್ಟಿಲ ಬಳಿಯ ನೀರು

ಮೈಸೂರು, ಸೋಮವಾರ

ವಸಂತ್‌ಗೆ,

ಕ್ಯಾಂಪಸ್ ಕೊಳದ ಈ ತಿಂಗಳ ನೀರಿನ ಪರೀಕ್ಷೆ ಮುಗಿಸಿದೆ. ಮೂರು ಕಡೆ ನೈಟ್ರೋಜನ್ ಮಟ್ಟ ಮೊದಲಿನಷ್ಟೇ ಇದೆ. ಹೊಂಗೆ ಮರದ ಕೆಳಗಿನ ಮೆಟ್ಟಿಲ ಬಳಿ ಮಾತ್ರ ಎರಡರಷ್ಟಾಗಿದೆ. ಬಾಟಲಿ ಸರಿಯಾಗಿ ತೊಳೆದಿಲ್ಲವೇನೋ ಎಂದು ಮೂರು ಸಲ ಮಾಡಿ ನೋಡಿದೆ.

ಕೊನೆಗೆ ನಾನೇ ಅಲ್ಲಿಗೆ ಹೋದೆ. ನೀರಿನಲ್ಲಿ ಕಡ್ಲೆಪುರಿ ಕೊಳೆಯುತ್ತಿತ್ತು. "ವಸಂತಪ್ಪನೂ ಆ ಹೊಸ ಹುಡುಗಿ ಲಾಸ್ಯಾನೂ ದಿನಾ ಸಂಜೆ ಇಲ್ಲೇ ಕೂತ್ಕಂಡು ಮೀನ್ಗೆ ಹಾಕ್ತಾರೆ ಕಣವ್ವ" ಅಂದರು ಮಾಲಿ ಬೆಟ್ಟಯ್ಯ. ನಾನೇನೂ ಕೇಳಿರಲಿಲ್ಲ.

ಮೀನಿಗೆ ಪುರಿ ಹಾಕಬಾರದೆಂದು ಲಾಸ್ಯಾಗೆ ಹೇಳು. ನೀನು ಸ್ಯಾಂಪಲ್ ತರುವ ನನ್ನ ಐಸ್ ಬಾಕ್ಸಿನಲ್ಲಿ ಅವಳ ಜ್ಯೂಸ್ ಇಡಬೇಡ. ಆ ಬಾಕ್ಸನ್ನು ಕುಂಬಾರಕೊಪ್ಪಲಿನ ನಮ್ಮ ಮನೆಗೆ ತರುವುದೂ ಬೇಡ, ಲ್ಯಾಬಿನಲ್ಲೇ ಬಿಟ್ಟು ಹೋಗು.

ಮಟ್ಟ ಏಕೆ ಏರಿತೆಂದು ಗೈಡ್ ಕೇಳಿದ್ದಾರೆ. ಹೋದ ವರ್ಷವೂ ಇದೇ ಮೆಟ್ಟಿಲ ಬಳಿ ಹೀಗೇ ಏರಿತ್ತಲ್ಲ. ಆಗ ರೆಕಾರ್ಡಿನಲ್ಲಿ ‘ಕಾರಣ ತಿಳಿದಿಲ್ಲ’ ಎಂದು ಬರೆದವಳು ನಾನು. ಪುರಿ ಪೊಟ್ಟಣ ನನ್ನ ಕೈಯಲ್ಲಿತ್ತು, ಪಕ್ಕದಲ್ಲಿ ನೀನಿದ್ದೆ.

ಈ ಸಲ ಕಾರಣವನ್ನು ಹೆಸರು ಸಮೇತ ಬರೆದಿದ್ದೇನೆ.

ಇತಿ,
ಸಂಘಮಿತ್ರ