ಗಂಟೆ ಬಡಿದ ಮೇಲೂ ನಿಲ್ಲದ ಪ್ರಾರ್ಥನೆ

ಚುಂಚೊನ್
ನವೆಂಬರ್ ೧೯, ಮಂಗಳವಾರ

ಪ್ರೀತಿಯ ಯೊನ್‌ಸು,

ಹೇಗಿದ್ದೀಯ ಮಗಳೇ? ಬೂಸಾನ್‌ನಲ್ಲೂ ಚಳಿ ಶುರುವಾಗಿರಬೇಕು. ಇಷ್ಟು ತಡವಾಗಿ ಬರೆಯುತ್ತಿದ್ದೇನೆಂದು ಬೇಸರ ಮಾಡಿಕೊಳ್ಳಬೇಡ. ಚಳಿಗಾಲಕ್ಕೆ ಕೋಸಿನ ಕಿಮ್ಚಿ ಹಾಕಿ ಮುಗಿಸಿ ಬರೆಯೋಣವೆಂದಿದ್ದೆ, ನಿಮ್ಮಪ್ಪ ಅದಕ್ಕೂ ಕಲ್ಲು ಹಾಕಿದರು.

ಶನಿವಾರ ಬೆಳಿಗ್ಗೆ ಕೋಸಿಗೆ ಉಪ್ಪು ಹಚ್ಚುತ್ತ ಕೂತಿದ್ದೆ. ಇವರು ಬಂದು, "ಏಳೇ, ಚಿಲ್‌ಬೊಕ್‌ನ ನೋಡ್ಕೊಂಡು ಬರೋಣ" ಅಂದರು.

"ಗೊಹುಂಗ್‌ಗಾ? ದೇಶದ ಆ ತುದಿಗೆ? ತಲೆಗಿಲೆ ಕೆಟ್ಟಿದ್ಯೇನ್ರೀ? ಈ ಕೋಸಿನ ಗತಿ?"

"ಅದೇನು ಎದ್ದು ಓಡಿಹೋಗತ್ತಾ? ಬಾ."

ಇವರಿಗೆ ಸ್ನೇಹಿತನನ್ನು ನೋಡುವ ಆಸೆಗಿಂತ ಮನೆಯಲ್ಲಿ ಕೂರಲಾಗದ ಸಂಕಟವೇ ಹೆಚ್ಚಿತ್ತು. ಹೆದ್ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ನಿನಗೆ ಮತ್ತೆ ಫೋನ್ ಮಾಡಿದರು. ನೀನು ಎತ್ತಲಿಲ್ಲ. ನಿನ್ನ ತಪ್ಪೆನ್ನುತ್ತಿಲ್ಲ. ವಸಂತದಲ್ಲಿ ನಿನ್ನ ಕೂಸು ತಿಂಗಳು ತುಂಬುವ ಮೊದಲೇ ಹೋದಾಗ, ಹಾಸಿಗೆಯ ಪಕ್ಕ ನಿಂತು "ಹುಟ್ಟಲೇ ಇಲ್ಲ ಅಂದ್ಕೊಂಡು ಮರೆತುಬಿಡು" ಅಂದವರು ಅವರೇ. ಅದನ್ನು ಕೇಳಿದ ಯಾವ ಮಗಳು ತಾನೇ ಫೋನ್ ಎತ್ತುತ್ತಾಳೆ? ಆದರೆ ನೀವಿಬ್ಬರೂ ಹೀಗೇ ಉಳಿದುಬಿಡುತ್ತೀರೇನೋ ಎಂದು ನನಗೆ ಭಯ.

ಸೈನ್ಯದ ಕಾಲದ ಗೆಳೆಯ ಚಿಲ್‌ಬೊಕ್ ತೋಟದಲ್ಲಿ ಯುಜಾ ಹಣ್ಣು ಕೀಳುತ್ತಿದ್ದ. "ಏನೋ, ಇನ್ನೂ ಬದುಕಿದೀಯಾ?" ಅಂದ. "ನಿನ್ನ ಮಣ್ಣು ಮಾಡಿ ಆಮೇಲೆ ಹೋಗ್ತೀನಿ" ಅಂತ ಇವರು. ಅವನ ಹೆಂಡತಿ ಮಲ್‌ಜಾ ಮಾತ್ರ, "ಹೇಳದೆ ಕೇಳದೆ ಬಂದ್ರೆ ಏನು ಬಡಿಸ್ಲಿ ನಾನು?" ಎಂದು ಗದರುತ್ತಲೇ ಮೇಜು ತುಂಬಾ ಮೀನು ಹರಡಿದಳು.

ಭಾನುವಾರ ಗುಡ್ಡದ ಮೇಲಿನ ಅವರ ಚರ್ಚಿಗೆ ಹೋದೆವು. ಅಲ್ಲಿ ಈಗಲೂ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಕಿವಿಯ ಮಿಷನ್ ಹಾಕಿಕೊಳ್ಳಿ ಎಂದರೆ, "ದೇವರ ಕಿವಿ ನೆಟ್ಟಗಿದೆಯಲ್ಲ, ಸಾಕು" ಎಂದು ನಿಮ್ಮಪ್ಪ ಅದನ್ನು ಕಾರಿನಲ್ಲೇ ಬಿಟ್ಟು ಬಂದರು.

ಎಲ್ಲರೂ ಒಟ್ಟಿಗೆ ಕೂಗಿ ಪ್ರಾರ್ಥಿಸುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಅದಕ್ಕೇ ಅಲ್ಲವೇ ಎಲ್ಲರೂ ಮನಸ್ಸು ಬಿಚ್ಚುವುದು. ಪಾದ್ರಿ ಮೇಜಿನ ಗಂಟೆ ಬಡಿದರು. ಎಲ್ಲರೂ ಸುಮ್ಮನಾದರು. ಒಂದು ದನಿ ಮಾತ್ರ ನಿಲ್ಲಲಿಲ್ಲ.

"ಸ್ವಾಮೀ, ನಮ್ಮ ಮೊಮ್ಮಗು ದಾವೊನ್‌ನ ಎತ್ಕೊಳ್ಳಪ್ಪಾ. ಹೆಸರಿಟ್ಕೊಂಡು ಕಾಯ್ತಿದ್ದೆ, ಕರೆಯೋಕಾಗ್ಲಿಲ್ಲ. ನನ್ ಮಗಳಿಗೆ ಆಡಬಾರದ ಮಾತಾಡ್ದೆ. ನನ್ನ ಏನು ಬೇಕಾದ್ರೂ ಮಾಡು, ಅವಳ ಕೈ ಬಿಡಬೇಡ..."

ಗಂಟೆ ಕೇಳಿಸದ ನಿಮ್ಮಪ್ಪ ಕಣ್ಣು ಮುಚ್ಚಿ, ಗಂಟಲು ಹರಿಯುವಂತೆ ಕೂಗುತ್ತಿದ್ದರು. ಮತ್ತೆ ಗಂಟೆಗೆ ಚಾಚಿದ್ದ ಪಾದ್ರಿಯ ಕೈ ಹಾಗೇ ನಿಂತಿತು. ಆಗ ನನ್ನ ಮುಂದೆ ಕೂತಿದ್ದ ಬೆನ್ನು ಬಾಗಿದ ಅಜ್ಜಿಯೊಬ್ಬಳು "ಕರ್ತನೇ!" ಎಂದು ಪುನಃ ಪ್ರಾರ್ಥನೆ ಶುರುಮಾಡಿದಳು. ಅವಳ ಹಿಂದೆ ಮಲ್‌ಜಾ, ಆಮೇಲೆ ಇಡೀ ಚರ್ಚು. ಗುರುತಿಲ್ಲದ ಒಬ್ಬ ಮುದುಕನ ಮಾನ ಮುಚ್ಚಲು ಊರಿಗೆ ಊರೇ ದನಿ ಎತ್ತಿತು. ಅವರು ಕಣ್ಣು ಬಿಟ್ಟಾಗ ಎಲ್ಲರೂ ಪ್ರಾರ್ಥಿಸುತ್ತಲೇ ಇದ್ದರು. ಯೊನ್‌ಸು, ಇಷ್ಟು ವರ್ಷ ಚರ್ಚಿಗೆ ಹೋಗಿದ್ದೇನೆ, ದೇವರು ಇಷ್ಟು ಹತ್ತಿರ ಬಂದದ್ದನ್ನು ನಾನು ಕಂಡಿರಲಿಲ್ಲ.

ಊಟದ ಹೊತ್ತಿಗೂ ಯಾರೂ ಆ ಮಾತೆತ್ತಲಿಲ್ಲ. "ಈ ಊರೋರು ಯಾಕೆ ನನಗೊಬ್ಬನಿಗೇ ಇಷ್ಟು ಬಡಿಸ್ತಿದಾರೆ?" ಎಂದು ಇವರು ನನ್ನನ್ನು ಕೇಳಿದರು. ನಾನು ಹೇಳಿಲ್ಲ, ನೀನೂ ಹೇಳಬೇಡ. ಫೋನ್ ಎತ್ತು ಎಂದೂ ನಾನು ಕೇಳುವುದಿಲ್ಲ. ಎತ್ತುವ ಮನಸ್ಸಾದರೆ ಸ್ವಲ್ಪ ಜೋರಾಗಿ ಮಾತಾಡು.

ಅಳಿಯನಿಗೆ ನನ್ನ ನೆನಪು ಹೇಳು. ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ಅಮ್ಮ

ತಾ.ಕ.: ಒಂದನ್ನು ಬರೆಯಲು ಕೈ ಬಂದಿರಲಿಲ್ಲ. ಅವರು ಆ ಹೊತ್ತು ಎರಡು ಹೆಸರು ಹೇಳಿದರು. ದಾವೊನ್, ಆಮೇಲೆ ಹ್ಯೊನ್‌ಸು. ನಿನಗಿಂತ ಮೊದಲು ನನಗೊಬ್ಬ ಮಗ ಹುಟ್ಟಿದ್ದ, ಉಸಿರಾಡಲಿಲ್ಲ. ನಿಮ್ಮಪ್ಪ ನಿನಗೆ ಆಡಿದ ಮಾತನ್ನೇ ನಿನ್ನ ಅಜ್ಜ ಆಗ ನಮಗೆ ಆಡಿದ್ದರು. ಬಟ್ಟೆಯಲ್ಲಿ ಸುತ್ತಿ ಬೆಟ್ಟಕ್ಕೆ ಒಯ್ದವರು ನಿಮ್ಮಪ್ಪನೇ, ಎಲ್ಲಿ ಮಣ್ಣು ಮಾಡಿದರೆಂದು ನನಗೆ ಇಂದಿಗೂ ಹೇಳಿಲ್ಲ. ಅವನಿಗೊಂದು ಹೆಸರಿತ್ತೆಂದು ಹೆತ್ತ ನನಗೆ ತಿಳಿದದ್ದು ಈ ಭಾನುವಾರ.